ಮೌಲಾಬಿಗೆ ಗೊತ್ತಿದ್ದದ್ದು

ರಂಗಂಪೇಟೆ, ಸುರಪುರ
11 ಆಗಸ್ಟ್ 2023

ಶ್ರೀ ಸಂಗಮನಾಥ ಅವರಿಗೆ,

ನಿಮ್ಮ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ಶಾಲೆಯ ದಾಖಲೆಯಲ್ಲಿ ಬರೆಯಬೇಕಾಗಿ ಬಂದಾಗಲೂ ಹೆಡ್‌ಮಾಸ್ತರರ ಕೈಯಿಂದ ಬರೆಸಿದ್ದೆ. ಇವತ್ತು ಲಕೋಟೆಯ ಮೇಲೆ ನಾನೇ ಬರೆದಿದ್ದೇನೆ. ಎಷ್ಟು ಸಿಟ್ಟು ಬಂದಿದೆ ಎಂದು ಇದರಿಂದ ತಿಳಿಯಿರಿ.

ಫೋನ್ ಮಾಡಬೇಡಿ, ಎತ್ತುವುದಿಲ್ಲ. ಸಿಐಡಿಯಲ್ಲಿ ಮೂವತ್ತು ವರ್ಷ ಇದ್ದು ದನಿಯಲ್ಲೇ ಕಳ್ಳರನ್ನು ಹಿಡಿದವರು ನೀವು. ನಾನು ಊಟವಾಯಿತು ಎಂದರೆ ಆಗಿಲ್ಲ ಎಂದು ತಿಳಿದುಬಿಡುತ್ತೀರಿ. ಅದಕ್ಕೇ ಕಾಗದ. ಕಾಗದದಲ್ಲಿ ದನಿ ಇರುವುದಿಲ್ಲ.

ಯಾಕೆ ಬಂದೆ ಎಂದು ನನ್ನ ತಂಗಿ ಗೊಲ್ಲಾಳಮ್ಮ ಕೇಳಲಿಲ್ಲ. ನಿಮ್ಮ ಮಗಳು ಸುನಿತಾ ಮಾತ್ರ ಯಾದಗಿರಿಯಿಂದ ಫೋನ್ ಮಾಡಿ ಬೈದಳು. "ಎಪ್ಪತ್ತು ವರ್ಷಕ್ಕ ಯಾರರ ಸಿಟ್ಟು ಮಾಡ್ಕೊಂಡು ಮನಿ ಬಿಟ್ಟು ಹೋಗ್ತಾರೇನವ್ವ? ಅಪ್ಪಗ ಚಹಾ ಮಾಡಾಕ ಸೈತ ಬರಂಗಿಲ್ಲ." ಕಲಿಯಲಿ ಎಂದೆ.

ಅವತ್ತು ನಡೆದದ್ದನ್ನು ನಿಮಗೇ ಬರೆಯುತ್ತೇನೆ, ಮುಂದೆ ನೀವು ಅದನ್ನು ಸಣ್ಣದು ಮಾಡಬಾರದೆಂದು. ಸ್ವಾತಂತ್ರ್ಯೋತ್ಸವದ ಪುರವಣಿಗೆಂದು ಯಾದಗಿರಿಯಿಂದ ವರದಿಗಾರ ಬಸವಕುಮಾರ ಬಂದ. ಯಾರೋ ನಿವೃತ್ತ ಸೇನಾಧಿಕಾರಿ ಸಂದರ್ಶನದಲ್ಲಿ ನಿಮ್ಮ ಹೆಸರು ಹೇಳಿದ್ದಾರಂತೆ. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ, ಉರ್ದು ಬಲ್ಲ ಸುರಪುರದ ಹುಡುಗನೊಬ್ಬ ಉತ್ತರದ ಒಂದು ಶಿಬಿರದಲ್ಲಿ ಪಾಕಿಸ್ತಾನದ ಕೈದಿಗಳ ನಡುವೆ ಕೈದಿಯ ವೇಷದಲ್ಲಿದ್ದು ಸುದ್ದಿ ಮುಟ್ಟಿಸುತ್ತಿದ್ದನಂತೆ.

ನಾನು ಅಡುಗೆಮನೆಯಲ್ಲಿದ್ದೆ. ನನಗೆ ಗೊತ್ತಿದ್ದದ್ದು ಇಷ್ಟು: ಪೊಲೀಸ್ ಇಲಾಖೆಗೆ ಸೇರುವ ಮೊದಲು ನೀವು ಮಿಲಿಟರಿ ಉಗ್ರಾಣದಲ್ಲಿ ಗುಮಾಸ್ತರಾಗಿದ್ದಿರಿ. ಹೆಣ್ಣು ನೋಡಲು ಬಂದಾಗ ನಮ್ಮ ಅಪ್ಪನಿಗೆ ಹೇಳಿದ್ದು ಅದೇ.

"ಇದು ಖರೇನ್ರಿ ಸರ್?" ಎಂದ ಹುಡುಗ.

"ಖರೆ," ಎಂದಿರಿ. ನನ್ನ ಒಗ್ಗರಣೆ ಸೀದುಹೋಯಿತು.

"ಮನ್ಯಾಗ ಯಾರಿಗಿ ಗೊತ್ತಿತ್ತರಿ?"

"ಮನ್ಯಾಗ ಯಾರಿಗೂ ಇಲ್ಲಪಾ. ನಮ್ಮವ್ವಗೂ ಇಲ್ಲ, ಇಕಿಗೂ ಇಲ್ಲ. ಹೊರಗ ಒಬ್ಬ ಹೆಣ್ಮಗಳಿಗಿ ಗೊತ್ತೈತಿ."

ಸರ್ಕಾರದ ಗುಟ್ಟನ್ನು ಹೆಂಡತಿಗೆ ಹೇಳಲಿಲ್ಲ ಎಂದರೆ ಒಪ್ಪಿಕೊಳ್ಳುತ್ತಿದ್ದೆ. ಆದರೆ ಇನ್ನೊಬ್ಬಳಿಗೆ ಗೊತ್ತಿದ್ದ ಮೇಲೆ ಅದು ಸರ್ಕಾರದ ಗುಟ್ಟು ಹೇಗಾಯಿತು? ಯಾರು ಆಕೆ ಎಂದು ಕೇಳಿದೆ. ನೀವು ಪೇಪರ್ ಮಡಚಿ "ಬಿಡು" ಎಂದಿರಿ. ನಲವತ್ತೇಳು ವರ್ಷದ ಸಂಸಾರಕ್ಕೆ ಒಂದು "ಬಿಡು".

ಹೆಸರು ಹೇಳುವವರೆಗೆ ನಾನು ಶಹಾಪುರಕ್ಕೆ ಬರುವುದಿಲ್ಲ.

ನಾಗರತ್ನಾ


ಶಹಾಪುರ
17 ಆಗಸ್ಟ್ 2023

ರತ್ನಾ,

ಕಾಗದದಲ್ಲಿ ದನಿ ಇರುವುದಿಲ್ಲ ಎಂದು ಬರೆದಿದ್ದೀಯ. ಎರಡನೆಯ ಪುಟದಿಂದ ನಿನ್ನ ಅಕ್ಷರಗಳು ದೊಡ್ಡವಾಗಿವೆ, ಸಾಲುಗಳು ಮೇಲಕ್ಕೆ ಏರಿವೆ. ಕನ್ನಡಕ ಇಲ್ಲೇ ಮರೆತು ಹೋಗಿದ್ದೀಯ. ಗೊಲ್ಲಾಳಮ್ಮನದನ್ನು ಹಾಕಿಕೊಂಡು ಬರೆಯಲು ಕೂತು, ತಲೆನೋವು ಬಂದು ತೆಗೆದಿಟ್ಟಿದ್ದೀಯ. ಬಸ್ ಕಂಡಕ್ಟರ್ ಪರಶುರಾಮನ ಕೈಯಲ್ಲಿ ನಿನ್ನ ಕನ್ನಡಕ ಕಳಿಸಿದ್ದೇನೆ.

ಪುರವಣಿಯಲ್ಲಿ ನನ್ನ ಫೋಟೋ ಬಂತು. ಯಾದಗಿರಿಯಲ್ಲಿ ಸನ್ಮಾನ ಮಾಡುತ್ತೇವೆ, ಶಾಲು ಹೊದಿಸುತ್ತೇವೆ ಎಂದು ಜನ ಬರುತ್ತಿದ್ದಾರೆ. ಬೇಡ ಎಂದೆ. ಕುರಿ ಹಣಮಂತ್ರಾಯನೂ ಬಂದಿದ್ದ. "ಸಾಹೇಬ್ರ, ನಮ್ಮ ಕುರಿ ಕಳದ್ರ ಪುಕಟ ಹುಡುಕಿ ಕೊಡ್ತಿದ್ರಿ. ಈಗ ನಿಮ್ಮ ಹೇಂತಿನ್ನ ಯಾರು ಹುಡುಕಿ ಕೊಡಬೇಕ್ರಿ?" ಎಂದು ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ನಕ್ಕ. ನಾನೂ ನಕ್ಕೆ. ಚಹಾ ಮಾಡಿ ಕೊಟ್ಟೆ. ಅರ್ಧ ಕುಡಿದು ಇಟ್ಟು ಹೋದ.

ಆ ಹೆಣ್ಣುಮಗಳ ಹೆಸರು ನಾನು ಹೇಳಲಾರೆ. ಆಗ ಹೊರಗೆ ತಿಳಿದಿದ್ದರೆ ಅವರ ಮನೆಗೆ ಎರಡೂ ಕಡೆಯಿಂದ ತೊಂದರೆಯಾಗುತ್ತಿತ್ತು. ಅವರಪ್ಪನಿಗೆ ಮಾತು ಕೊಟ್ಟಿದ್ದೇನೆ. ನೀನು ಊಹಿಸುವಂಥದ್ದು ಏನೂ ಇಲ್ಲ. ಬಂದುಬಿಡು.

ಸಂಗಮನಾಥ


ರಂಗಂಪೇಟೆ, ಸುರಪುರ
19 ಸೆಪ್ಟೆಂಬರ್ 2023

ಸಂಗಮನಾಥ ಅವರಿಗೆ,

ಕನ್ನಡಕ ಬಂತು. ಈಗ ಎಲ್ಲ ಸ್ಪಷ್ಟವಾಗಿ ಕಾಣುತ್ತಿದೆ.

ಹೊಸ ಪೇದೆಗಳಿಗೆ ಪಡಸಾಲೆಯಲ್ಲಿ ಕೂರಿಸಿಕೊಂಡು ನೀವು ಹೇಳುತ್ತಿದ್ದುದು ನನಗೆ ಬಾಯಿಪಾಠ: "ಮನಶ್ಯಾ ಎಲ್ಲಿಗಿ ಹೋಗ್ತಾನ ನೋಡಬ್ಯಾಡ್ರಿ, ಎಲ್ಲಿಗಿ ಹೋಗಂಗಿಲ್ಲ ನೋಡ್ರಿ." ಅದನ್ನೇ ಮಾಡಿದೆ. ಮದುವೆಯಾದಾಗಿನಿಂದ ಸುರಪುರಕ್ಕೆ ಬಂದಾಗಲೆಲ್ಲ ನೀವು ಬಸ್ ಸ್ಟ್ಯಾಂಡಿನಿಂದ ಮಸೀದಿ ಓಣಿ ಹಿಡಿದವರಲ್ಲ. ಅದು ಹತ್ತಿರದ ದಾರಿ. ನೀವು ಬೆಲ್ಲ ಕೊಳ್ಳುವ ನೆಪ ಹೇಳಿ ಬಜಾರು ಸುತ್ತಿಸುತ್ತೀರಿ. ನನ್ನ ಅಪ್ಪನ ಮಣ್ಣಿಗೆ ಬಂದ ದಿನವೂ ಬಜಾರಿನ ಮೇಲೆಯೇ ಬಂದಿರಿ. ಸತ್ತ ಮನೆಗೆ ಯಾರು ಬೆಲ್ಲ ತರುತ್ತಾರೆ?

ಮಸೀದಿ ಓಣಿಗೆ ಹೋದೆ. ಹಳೆಯ ಕಾಲದಿಂದ ಅಲ್ಲೇ ಇರುವ ಮುದುಕಿಯರು ಯಾರಿದ್ದಾರೆ ಎಂದು ವಿಚಾರಿಸಿದೆ. ಒಬ್ಬಾಕೆ ಕೌದಿ ಹೊಲಿಯುತ್ತಾಳೆ ಎಂದರು. ಎರಡು ಹಳೆಯ ಸೀರೆ ಹಿಡಿದು ಆಕೆಯ ಬಾಗಿಲಿಗೆ ನಿಂತೆ.

"ಕೌದಿ ಹೊಲಿಸಬೇಕಿತ್ತರಿ," ಎಂದೆ.

ಆಕೆ ಸೂಜಿ ಬಿಡದೆ ತಲೆ ಎತ್ತಿದಳು. "ಬರ್ರಿ ಭಾಬಿ. ಕೌದಿ ನೆಪ ಯಾಕ? ಪೇಪರಿನಾಗ ಅಣ್ಣನ ಫೋಟೋ ಬಂದಾಗಽ ಅಂದ್ಕೊಂಡೆ, ಇನ್ನ ಭಾಬಿ ಬರ್ತಾಳಂತ."

"ನನ್ನ ಗುರ್ತು ಹೆಂಗ ಹಿಡದಿ?"

"ನಿನ್ನ ಮದಿವ್ಯಾಗ ದೂರ ನಿಂತು ನೋಡೀನಿ. ಹಸರು ಇಳಕಲ್ಲ ಸೀರಿ ಉಟ್ಟಿದ್ದಿ. ಅಳಾಕತ್ತಿದ್ದಿ, ಮೂಗು ಕೆಂಪಾಗಿತ್ತು."

ನನ್ನ ಮದುವೆಯ ದಿನದ ನನ್ನ ಮೂಗು ಆಕೆಗೆ ಗೊತ್ತು. ನನಗೆ ಆಕೆ ಇದ್ದಾಳೆಂಬುದೂ ಗೊತ್ತಿರಲಿಲ್ಲ.

ಹೆಸರು ಮೌಲಾಬಿ. ನಿಮ್ಮ ತಂದೆಯ ಗೆಳೆಯ ಸರದಾರಸಾಬರ ಮಗಳು. ಆಕೆಯ ಅಣ್ಣ ಖಾಜಾಹುಸೇನ ಚಿಕ್ಕವನಿದ್ದಾಗ ಕಾಕನ ಜೊತೆ ಕರಾಚಿಗೆ ಹೋಗಿ, ಅಲ್ಲೇ ಜ್ವರದಲ್ಲಿ ತೀರಿಕೊಂಡ. ಮಿಲಿಟರಿಯವರು ನಿಮಗೊಂದು ನಂಬುವಂಥ ಹೆಸರು, ಮನೆತನ ಬೇಕೆಂದಾಗ ನೀವು ಆ ಮುದುಕನ ಮುಂದೆ ಹೋಗಿ ಕೂತಿರಿ. ಆತ ಸತ್ತ ಮಗನ ಹೆಸರನ್ನು ನಿಮಗೆ ಕೊಟ್ಟ. ನಮಾಜು ಆತ ಕಲಿಸಿದ. ಮನೆಯ ಮಾತು, ಹಬ್ಬದ ಅಡುಗೆ, ಅತ್ತೆ ಮಾವಂದಿರ ಹೆಸರು ಆಕೆ ಕಲಿಸಿದಳು. ಅದರಿಂದ ನಿಮ್ಮನ್ನು ಅಣ್ಣ ಎನ್ನುತ್ತಾಳೆ. ಅಣ್ಣ ಎಂದಳೆಂದು ನನ್ನ ಹೊಟ್ಟೆಕಿಚ್ಚು ತಣ್ಣಗಾಗಲಿಲ್ಲ.

"ಹೊಂಡೋ ದಿನ ಕೊಳ್ಳಾಗಿಂದು ತಗದು ನನ್ನ ಅಂಗೈಯಾಗ ಇಟ್ಟ," ಎಂದಳು.

"ಏನು?"

"ಲಿಂಗ, ಮತ್ತೇನು. ದಿನಾ ನೀರು ಹಾಕು, ಒಂದಿನಾನೂ ಬಿಡಬ್ಯಾಡ ಅಂದ. ಬಿಡಲಿಲ್ಲ ಭಾಬಿ. ಜಳಕಾ ಮಾಡಿ, ಅಂಗೈಮ್ಯಾಗ ಇಟ್ಕೊಂಡು, ನೀರು ಹಾಕಿ ಈಬತ್ತಿ ಹಚ್ಚಿ ಮತ್ತ ಅರಿವ್ಯಾಗ ಕಟ್ಟಿ ಇಡ್ತಿದ್ದೆ. ನಮ್ಮ ಅಬ್ಬಾ ಬಾಗಲದಾಗ ಕಾಯ್ಕೋತ ಕುಂದ್ರತಿದ್ದ, ಯಾರರ ಬಂದಾರಂತ. ಆಮ್ಯಾಲ ನನ್ನ ನಮಾಜು."

ಲಿಂಗ ಮೈ ಬಿಟ್ಟರೆ ಜೀವ ಮೈ ಬಿಟ್ಟಂತೆ ಎಂದು ನಂಬಿದ ಮನೆತನ ನಿಮ್ಮದು. ನನ್ನದೂ ಅದೇ. ಗಂಡನದಾದರೂ ಇನ್ನೊಬ್ಬರ ಲಿಂಗ ಮುಟ್ಟಬಾರದು ಎಂದು ಇಷ್ಟು ವರ್ಷ ನಾನು ಬೆರಳು ತಾಗಿಸಿಲ್ಲ. ನಿಮಗೆ ಟೈಫಾಯ್ಡ್ ಬಂದು ಕೈ ಎತ್ತಲಾಗದಿದ್ದಾಗ ನಾನು ಅಂಗೈ ಚಾಚಿದ್ದೆ. ನೀವು ತಲೆಯಾಡಿಸಿ, ಮಠದಿಂದ ಸ್ವಾಮಿಗಳನ್ನು ಕರೆಸಿಕೊಂಡಿರಿ. ಪೂಜೆ ಮುಗಿಯುವವರೆಗೆ ನಾನು ಬಾಗಿಲ ಹೊರಗೆ ನಿಂತಿದ್ದೆ.

ಬೇರೆ ಹೆಣ್ಣು ಎಂದರೆ ಏನೇನು ಊಹಿಸಬಹುದೋ ಎಲ್ಲವನ್ನೂ ಊಹಿಸಿದ್ದೆ. ಅದೇ ಆಗಿದ್ದರೆ ಜಗಳಾಡಿ ಮುಗಿಸುತ್ತಿದ್ದೆ. ಇದಕ್ಕೆ ಏನು ಜಗಳಾಡಲಿ?

ನಾಗರತ್ನಾ


ಶಹಾಪುರ
28 ಸೆಪ್ಟೆಂಬರ್ 2023

ರತ್ನಾ,

ನೀನು ಇಲಾಖೆಗೆ ಸೇರಬೇಕಿತ್ತು. ಬೆಲ್ಲದ ಮಾತು ಓದಿ ನನಗೆ ಬೆವರು ಬಂತು.

ಅವ್ವನ ಕೈಗೆ ಲಿಂಗ ಕೊಟ್ಟಿದ್ದರೆ ಅವತ್ತೇ ನನ್ನನ್ನು ಸತ್ತವನೆಂದು ಅಳುತ್ತಿದ್ದಳು. ಮಠಕ್ಕೆ ಕೊಟ್ಟಿದ್ದರೆ ಊರಿಗೆ ತಿಳಿಯುತ್ತಿತ್ತು. ಹೇಗೂ ಎಲ್ಲ ಬಲ್ಲ ಮನೆ ಅದೊಂದೇ. ಇಪ್ಪತ್ತಮೂರು ವರ್ಷದವನಿಗೆ ಬೇರೇನೂ ಹೊಳೆಯಲಿಲ್ಲ.

ಟೈಫಾಯ್ಡಿನ ದಿನ ನೀನು ಕೈ ಚಾಚಿದ್ದು ನೆನಪಿದೆ. ಮೈಲಿಗೆಯೆಂದು ತಲೆಯಾಡಿಸಲಿಲ್ಲ. ಅದನ್ನು ಒಬ್ಬ ಹೆಣ್ಣುಮಗಳ ಅಂಗೈಯಲ್ಲಿ ನೋಡಿದರೆ ನನ್ನ ಬಾಯಿ ನಿಲ್ಲುವುದಿಲ್ಲ, ಎಲ್ಲ ಹೇಳಿಬಿಡುತ್ತೇನೆ. ಒಮ್ಮೆ ಹಾಗೆ ಆಗಿತ್ತು, ವಾಪಸ್ ಪಡೆಯಲು ಹೋದ ದಿನ. ಮತ್ತೆ ಆಗಬಾರದೆಂದಿದ್ದೆ.

ಬಜಾರಿನ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬರುವುದಿಲ್ಲ, ಒಡೆಯುತ್ತವೆ. ನೀನು ಯಾವ ಗಿರಣಿಗೆ ಹಾಕಿಸುತ್ತಿದ್ದೆ?

ಸಂಗಮನಾಥ


ರಂಗಂಪೇಟೆ, ಸುರಪುರ
9 ಅಕ್ಟೋಬರ್ 2023

ರೊಟ್ಟಿಯ ಮಾತು ಆಮೇಲೆ.

ವಾಪಸ್ ಪಡೆಯಲು ಹೋದ ದಿನ ಆಕೆಯ ಮುಂದೆ ಏನು ಹೇಳಿದಿರಿ? ನಿಮ್ಮ ಕಾಗದ ಓದಿದ ಕೂಡಲೆ ಮೌಲಾಬಿಯ ಮನೆಗೆ ಹೋದೆ. ಈ ಸಲ ಸೀರೆ ಒಯ್ಯಲಿಲ್ಲ.

"ಅಣ್ಣ ಬಂದು ಅತ್ತಿದ್ದ ಭಾಬಿ. ಗ್ವಾಡಿಗಿ ತಲಿ ಹಚ್ಚಿ ಅತ್ತಿದ್ದ," ಎಂದಳು.

"ಯಾಕ?"

"ಅದು ಅಮಾನತ್ ಐತಿ, ನಂಬಿ ಇಟ್ಟದ್ದು. ಇಟ್ಟವನಽ ಬಂದು ಬಿಚ್ಚಬೇಕು. ನಾ ಬಿಚ್ಚಂಗಿಲ್ಲ."

"ನಾ ಅವರ ಹೇಂತಿ ಅದೀನಿ."

"ಹೌದಲ್ಲ. ಅದಕ್ಕಽ ಅವನ್ನ ಕೇಳು. ನನ್ನ ಕೇಳಿದ್ರ ನಿನಗಽ ಕಮ್ಮಿ."

ಆಕೆಗೆ ಉಸಿರು ಸರಿಯಿಲ್ಲ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಎದೆ ಹಿಡಿದು ಕೂರುತ್ತಾಳೆ. ಆದರೂ ನನಗೆ ಕಮ್ಮಿ ಎಂದು ಹೇಳುವಷ್ಟು ಉಸಿರು ಇತ್ತು.

ನಿಮ್ಮ ತಾಯಿ ಹೋದಾಗ ನೀವು ಅಳಲಿಲ್ಲ. ನಮ್ಮ ಮೊದಲನೆಯ ಗಂಡುಕೂಸನ್ನು ಮಣ್ಣು ಮಾಡಿ ಬಂದಾಗಲೂ ಅಳಲಿಲ್ಲ. ಕೈಕಾಲು ತೊಳೆದು ನನ್ನ ಪಕ್ಕ ಕೂತಿರಿ, ಅಷ್ಟೇ. ಈ ಮನುಷ್ಯನಿಗೆ ಕಣ್ಣೀರೇ ಇಲ್ಲ ಎಂದು ಆಗ ಒಪ್ಪಿಕೊಂಡಿದ್ದೆ. ಇತ್ತು. ಬೇರೆ ಮನೆಯ ಗೋಡೆಗೆ ಸುರಿದು ಬಂದಿದ್ದಿರಿ.

ಆಕೆಗೆ ಹೇಳಿದ್ದನ್ನು ನನಗೂ ಹೇಳಿ. ಪೂರ್ತಿ ಹೇಳಿ. ಇಲ್ಲವಾದರೆ ನನ್ನ ಮಣ್ಣು ಗೊಲ್ಲಾಳಮ್ಮನ ಹೊಲದಲ್ಲೇ ಆಗಲಿ, ನೀವು ಬಜಾರು ಸುತ್ತಿಕೊಂಡು ಬನ್ನಿ.

ನಾಗರತ್ನಾ


ಶಹಾಪುರ
14 ನವೆಂಬರ್ 2023

ರತ್ನಾ,

ತಿಂಗಳಿಗೂ ಮೇಲಾಯಿತು. ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಶಿಬಿರದಲ್ಲಿ ನಾನು ಖಾಜಾಹುಸೇನ, ಸೇನೆಯ ಡಿಪೋದಲ್ಲಿ ಸಿಕ್ಕಿಬಿದ್ದ ಕರಾಚಿಯ ಗುಮಾಸ್ತ. ನನ್ನ ಉರ್ದು ನಮ್ಮ ನಿಜಾಮ ಸೀಮೆಯದು. ಹೈದರಾಬಾದಿನಿಂದ ಕರಾಚಿಗೆ ಹೋದವರ ಮಾತೂ ಅದೇ. ಯಾರೂ ಸಂಶಯಪಡಲಿಲ್ಲ. ನಮಾಜು ಮಾಡಿದೆ, ರೋಜಾ ಹಿಡಿದೆ, ಮಾಂಸ ತಿಂದೆ. ವಾರಕ್ಕೊಮ್ಮೆ ಹೊಟ್ಟೆನೋವೆಂದು ಡಾಕ್ಟರ ಕೋಣೆಗೆ ಹೋಗಿ ನಮ್ಮ ಅಧಿಕಾರಿಗೆ ವರದಿ ಒಪ್ಪಿಸುತ್ತಿದ್ದೆ.

ಒಂದು ಮಧ್ಯಾಹ್ನ ಊಟ ಮುಗಿಸಿ, ತಾಟಿಗೆ ನೀರು ಹಾಕಿ, ಬೆರಳಿಂದ ತೊಳೆದು ಆ ನೀರು ಕುಡಿದೆ. ನಮ್ಮ ಮನೆಗಳಲ್ಲಿ ಅಗುಳು ಚೆಲ್ಲಬಾರದೆಂದು ಎಲ್ಲರೂ ಮಾಡುವುದೇ ಅದು. ಎಲ್ಲ ಕಲಿತು ಹೋಗಿದ್ದೆ, ಇದನ್ನು ಮರೆಯಲು ಕಲಿತಿರಲಿಲ್ಲ. ತಲೆ ಎತ್ತಿದರೆ ಎದುರಿಗೆ ಕೂತಿದ್ದ ಹುಡುಗ ನೋಡುತ್ತಿದ್ದ. ಆತ ಮೆಲ್ಲಗೆ, ಕನ್ನಡದಲ್ಲಿ ಹೇಳಿದ: "ನಮ್ಮಮ್ಮ ಗುರುಮಠಕಲ್ಲದಾಕಿ. ಅವರ ಓಣ್ಯಾಗ ಲಿಂಗವಂತರು ಹಿಂಗಽ ಕುಡೀತಿದ್ರಂತ. ನಾಳಿಂದ ತಾಟು ಹಂಗಽ ಬಿಡು."

ಅವನು ಒಂದು ಮಾತು ಆಡಿದ್ದರೆ ನನ್ನನ್ನು ಅಲ್ಲೇ ಕತ್ತು ಹಿಸುಕಿ ಕೊಲ್ಲುತ್ತಿದ್ದರು. ಆಡಲಿಲ್ಲ. ನೀನು ನಮ್ಮೊಳಗೆ ಸೇರಿಕೊಂಡ ಪರಧರ್ಮದವನು, ನಾನು ನಿನ್ನ ದೇಶದ ವೈರಿ ಎಂದೂ ಎನ್ನಲಿಲ್ಲ. ತಾಯಿ ಕಲಿಸಿದ ಹರುಕುಮುರುಕು ಕನ್ನಡವನ್ನು ಬಳಸಲು ಒಬ್ಬ ಸಿಕ್ಕನೆಂದು ಅವನಿಗೆ ಖುಷಿ. "ಹುಗ್ಗಿ ಅಂದ್ರ ಹೆಂಗಿರತೈತಿ?" ಎಂದು ಕೇಳುತ್ತಿದ್ದ. ನಾನು ಹೇಳುತ್ತಿದ್ದೆ.

ಆಮೇಲೆ ನಮ್ಮ ಬ್ಯಾರಕ್ಕಿನ ಆರು ಜನ ಸುರಂಗ ತೋಡುವುದು ನನಗೆ ತಿಳಿಯಿತು. ಅವರಲ್ಲಿ ಅವನೂ ಒಬ್ಬ. ವರದಿ ಮಾಡುವುದು ನನ್ನ ಕೆಲಸ. ಮಾಡಿದೆ. ಐವರ ಹೆಸರು ಹೇಳಿ ಅವನದನ್ನು ಬಿಟ್ಟೆ. ಅವನ ಋಣ ತೀರಿಸಿದೆ ಎಂದುಕೊಂಡೆ.

ಸೈನಿಕರು ಬಂದು ಐವರನ್ನು ಬೇರೆ ಶಿಬಿರಕ್ಕೆ ಒಯ್ದರು. ತೋಡಿದವರು ಆರು, ಉಳಿದವನು ಒಬ್ಬ. ಹಾಗಾದರೆ ಬಾಯಿ ಬಿಟ್ಟವನು ಯಾರು? ಬ್ಯಾರಕ್ಕಿನ ಪ್ರತಿಯೊಬ್ಬನೂ ಈ ಲೆಕ್ಕ ಮಾಡಿದ. ಮುಂದೆ ನೂರಾರು ಪ್ರಕರಣ ಬಿಡಿಸಿದವನು ನಾನು, ನನಗೊಬ್ಬನಿಗೆ ಅದು ಹೊಳೆಯಲಿಲ್ಲ.

ಮಾರನೆಯ ದಿನ ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ಅವನನ್ನು ಹಿಡಿದರು. ನಾನು ರೊಟ್ಟಿಯ ಸಾಲಿನಲ್ಲಿ ನಿಂತಿದ್ದೆ. ಹೊಡೆಯುತ್ತಿದ್ದಾಗ ಅವನು ನನ್ನ ಕಡೆ ನೋಡಿದ. ಒಂದು ಬೆರಳು ತೋರಿಸಿದ್ದರೆ ಸಾಕಿತ್ತು, ಬದುಕುತ್ತಿದ್ದ. ತೋರಿಸಲಿಲ್ಲ. ನಾನು ಸಾಲು ಬಿಟ್ಟು ಕದಲಲಿಲ್ಲ. ಕಾವಲಿನವರು ಬರುವಷ್ಟರಲ್ಲಿ ಮುಗಿದಿತ್ತು.

ಮದುವೆಯ ಹೊಸದರಲ್ಲಿ ನೀನು ಕೇಳಿದ್ದೆ, ನೀವ್ಯಾಕೆ ತಾಟು ತೊಳೆದು ಕುಡಿಯುವುದಿಲ್ಲ ಎಂದು. ನಾನು ಹೊಸ ಕಾಲದವನು ಎಂದಿದ್ದೆ.

ಸುರಪುರಕ್ಕೆ ಬಂದು ಮೌಲಾಬಿಗೆ ಇದನ್ನು ಹೇಳಿದೆ. ಲಿಂಗ ಕಟ್ಟಿಕೊಳ್ಳಲು ನಾನು ಯೋಗ್ಯನಲ್ಲ, ಹೊಳೆಗೆ ಬಿಡು ಎಂದೆ. ಆಕೆ ಬೈದಳು. "ದಿನಾ ನಸಿಕಿನ್ಯಾಗ ಎದ್ದು ನೀರು ಹಾಕಿದ್ದು ಹೊಳಿಗಿ ಒಗ್ಯಾಕೇನು? ಕಟ್ಕೋ, ಕಟ್ಕೊಂಡು ಅಳು." ಕಟ್ಟಿಕೊಂಡೆ. ಆ ಓಣಿಗೆ ಮತ್ತೆ ಕಾಲಿಡಲು ಆಗಲಿಲ್ಲ.

ಆಕೆಗೆ ಎಲ್ಲ ಹೇಳಿದೆ, ಒಂದನ್ನು ಬಿಟ್ಟು. ಅವನ ಹೆಸರು. ವರದಿಯಲ್ಲಿ ಬಿಟ್ಟ ಮೇಲೆ ಅದು ನನ್ನ ಬಾಯಿಗೆ ಬರಲೇ ಇಲ್ಲ. ಆಕೆ ಕೇಳಿದಳು, ಗೊತ್ತಿಲ್ಲ ಎಂದೆ.

ಅಜರುದ್ದೀನ. ಇದನ್ನು ನಾನು ಬರೆಯುತ್ತಿರುವುದು ಇದೇ ಮೊದಲು. ನಿನಗೆ ಮಾತ್ರ.

ಸಂಗಮನಾಥ


ರಂಗಂಪೇಟೆ, ಸುರಪುರ
4 ಡಿಸೆಂಬರ್ 2023, ಸೋಮವಾರ

ನಿಮ್ಮ ಕಾಗದ ಬಂದು ಎರಡು ವಾರಕ್ಕೂ ಹೆಚ್ಚಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಆ ಹುಡುಗ ರೊಟ್ಟಿಯ ಸಾಲಿನ ಕಡೆ ನೋಡುತ್ತಾನೆ. ಎದ್ದುಬಿಡುತ್ತೇನೆ.

ಒಂದು ಮಾತನ್ನು ಮುಚ್ಚಿಡುವುದಿಲ್ಲ. ಕಾಗದ ಓದಿ ಮುಗಿಸಿದಾಗ ನನಗೆ ಮೊದಲು ಬಂದ ಯೋಚನೆ ಆ ಹುಡುಗನದಲ್ಲ, ನಿಮ್ಮದೂ ಅಲ್ಲ. ಈ ಹೆಸರು ಮೌಲಾಬಿಗೆ ಗೊತ್ತಿಲ್ಲ ಎಂಬುದು. ಅಂಥ ಕಾಗದ ಕೈಯಲ್ಲಿ ಹಿಡಿದು ನಾನು ಒಳಗೊಳಗೆ ಹಿಗ್ಗಿದೆ. ಗೊಲ್ಲಾಳಮ್ಮ "ಏನು ಬರದಾರ, ಮಾರಿ ಅರಳೇತಲ್ಲ," ಎಂದಳು.

ನಿನ್ನೆ ಒಳ್ಳೆಯ ಸೀರೆ ಉಟ್ಟುಕೊಂಡು ಮೌಲಾಬಿಯ ಮನೆಗೆ ಹೋದೆ. ಆಕೆ ಮಲಗಿದ್ದಳು. ಸೂಜಿ ಹಿಡಿಯುವುದನ್ನು ಬಿಟ್ಟು ಹತ್ತು ದಿನವಾಯಿತಂತೆ. ನನ್ನ ಮುಖ ನೋಡಿದ ಕೂಡಲೆ ತಿಳಿದುಕೊಂಡಳು.

"ಹೇಳ್ಯಾನ?"

"ಹೇಳ್ಯಾರ."

"ಎಲ್ಲಾ?"

"ಎಲ್ಲಾ."

"ಅತ್ತಾನೇನು?"

"ಕಾಗದದಾಗ ಹೆಂಗ ಗೊತ್ತಾಗಬೇಕು?"

ಆಕೆ ಬಹಳ ಹೊತ್ತು ಉಸಿರು ತೆಗೆದುಕೊಂಡಳು. ಆಮೇಲೆ, "ಭಾಬಿ, ಒಂದು ಕೇಳ್ತೀನಿ. ಶುಕ್ರವಾರಕ್ಕೊಮ್ಮಿ ಸತ್ತ ಆ ಹುಡುಗನ ಸಲುವಾಗಿ ಫಾತಿಹಾ ಓದ್ತೀನಿ. ಹೆಸರಿಲ್ಲ. ಅಣ್ಣನ ದೋಸ್ತ, ಅಣ್ಣನ ದೋಸ್ತ ಅಂತಂದು ಇಷ್ಟು ವರ್ಷ ಓದೀನಿ. ಅಲ್ಲಾಗ ಗೊತ್ತಾಗತೈತಿ, ಖರೆ. ಆದ್ರ ಸಾಯೋದ್ರಾಗ ಒಂದು ಸಲ ಹೆಸರ ಹಿಡದು ಓದಬೇಕಂತ ಆಸೆ. ನಿನಗ ಹೇಳ್ಯಾನೇನು?"

ಹೆಸರು ನನ್ನ ನಾಲಗೆಯ ತುದಿಯಲ್ಲಿತ್ತು.

"ಇಲ್ಲ. ಹೇಳಿಲ್ಲ," ಎಂದೆ.

ಆಕೆ ನನ್ನನ್ನೇ ನೋಡಿದಳು. ಸಿಟ್ಟಾಗಲಿಲ್ಲ. ಕೈ ಚಾಚಿ ನನ್ನ ಮೊಣಕೈ ಮುಟ್ಟಿ, "ಪೊಲೀಸನ ಹೇಂತಿ ಆಗಿ ಸುಳ್ಳು ಹೇಳಾಕ ಬರಂಗಿಲ್ಲಲ್ಲ ನಿನಗ," ಎಂದು ನಕ್ಕಳು. "ಇರ್ಲಿ ಬಿಡು. ನನ್ನ ಹಂತ್ಯಾಕ ಅವನ ಗುಟ್ಟು ಭಾಳ ಇಟ್ಕೊಂಡಿದ್ದೆ. ಇದೊಂದು ನಿಂದಽ ಇರ್ಲಿ."

ನಾನು ಚಹಾ ಕುಡಿಯದೆ ಎದ್ದು ಬಂದೆ. ಕಸಿದುಕೊಂಡದ್ದಾದರೆ ಗೆದ್ದೆ ಎನ್ನಬಹುದಿತ್ತು. ಆಕೆಯೇ ಬಿಟ್ಟುಕೊಟ್ಟದ್ದನ್ನು ಹಿಡಿದು ಏನು ಮಾಡಲಿ?

ಆದರೂ ಇವತ್ತು ಬೆಳಿಗ್ಗೆ ಹೋಗಿ ಹೇಳಲಿಲ್ಲ. ಮಸೀದಿ ಓಣಿಯ ತಿರುವಿನವರೆಗೆ ಹೋಗಿ ವಾಪಸ್ ಬಂದೆ. ಹೇಳಬೇಕಾದವರು ನೀವು. ಈ ಕಾಗದವನ್ನು ಅಂಚೆಗೆ ಹಾಕದೆ ಕಂಡಕ್ಟರ್ ಪರಶುರಾಮನ ಕೈಯಲ್ಲೇ ಕಳಿಸುತ್ತೇನೆ. ಶುಕ್ರವಾರ ಬೆಳಗಿನ ಬಸ್ಸಿಗೆ ಬನ್ನಿ, ಮಧ್ಯಾಹ್ನದ ನಮಾಜಿಗೆ ಮೊದಲು. ಆಕೆಯ ಹಾಸಿಗೆಯ ಪಕ್ಕ ಕೂತು ನಿಮ್ಮ ಬಾಯಿಂದ ಆ ಹೆಸರು ಹೇಳಿ. ಅಳು ಬಂದರೆ ನನ್ನ ಎದುರಿಗೇ ಅಳಿ, ನಾನು ಎದ್ದು ಹೊರಗೆ ಹೋಗುವುದಿಲ್ಲ. ಆಮೇಲೆ ಇಬ್ಬರೂ ಶಹಾಪುರಕ್ಕೆ ಹೋಗೋಣ.

ಶುಕ್ರವಾರದೊಳಗೆ ಆಕೆಗೆ ಏನಾದರೂ ಹೆಚ್ಚುಕಡಿಮೆಯಾದರೆ ನಾನೇ ಓಡಿಹೋಗಿ ಕಿವಿಯಲ್ಲಿ ಹೇಳುತ್ತೇನೆ. ಗೊಲ್ಲಾಳಮ್ಮನ ಮೊಮ್ಮಗಳನ್ನು ಆ ಮನೆಯಲ್ಲೇ ಕೂರಿಸಿದ್ದೇನೆ, ಉಸಿರು ಏರುಪೇರಾದರೆ ಓಡಿ ಬಾ ಎಂದು. ಹಾಗಾಗದಿದ್ದರೆ ಈ ನಾಲ್ಕು ದಿನ ನನಗೆ ಬೇಕು. ಇದು ನ್ಯಾಯವಲ್ಲ ಎಂದು ಬಲ್ಲೆ. ನೀವು ಬಂದು ಬಾಯಿ ತೆರೆಯುವವರೆಗೆ ಅವನು ನನ್ನೊಬ್ಬಳ ಹತ್ತಿರ ಇರಲಿ.

ನಿಮ್ಮ
ನಾಗರತ್ನಾ